ಬುಡ ನೋಡಿ ಬಂದವರು

ಪುಣೆಯಲ್ಲಿ ಟ್ರೆಕ್ ಅಂದರೆ ಗಡ, ಬೆಟ್ಟದ ಮೇಲಿನ ಕೋಟೆ. ಶನಿವಾರ ರಾತ್ರಿ ಸ್ವಾರಗೇಟ್ ಸ್ಟ್ಯಾಂಡಿನಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ನಿಂತ ಹುಡುಗರನ್ನು ಎಲ್ಲಿಗೆ ಹೊರಟಿರಿ ಎಂದು ಕೇಳಿ ನೋಡಿ: ರಾಜಗಡ, ರಾಯಗಡ, ಲೋಹಗಡ, ಹರಿಶ್ಚಂದ್ರಗಡ. ಗಡ ಅಂದಮೇಲೆ ಅದಕ್ಕೊಂದು ತುದಿ ಇರಬೇಕು, ತುದಿಯಲ್ಲಿ ನೋಡುವಂಥದ್ದು ಏನಾದರೂ ಇರಬೇಕು. ಇರುತ್ತದೆ ಕೂಡ. ಮುರಿದ ಬುರುಜು, ಬಂಡೆಯಲ್ಲಿ ಕೊರೆದ ನೀರಿನ ಟಾಕಿ, ಒಂದು ಗುಡಿ, ಮೇಲೊಂದು ಭಗವಾ ಝೇಂಡಾ, ಕೇಸರಿ ಬಾವುಟ. ಸಿಂಹಗಡವಾದರೆ ಪಿಠಲೆ-ಭಾಕರಿ (ಕಡಲೆಹಿಟ್ಟಿನ ಝುಣಕ, ರೊಟ್ಟಿ), ಮಣ್ಣಿನ ಕುಡಿಕೆಯಲ್ಲಿ ಹೆಪ್ಪು ಹಾಕಿದ ಮೊಸರು. ಆತ್ಕರವಾಡಿಯಿಂದ ಸಿಂಹಗಡವನ್ನು ಎಷ್ಟು ನಿಮಿಷದಲ್ಲಿ ಹತ್ತುತ್ತಾನೆ ಎಂಬುದನ್ನು ಈ ಊರಿನಲ್ಲಿ ಗಂಡಿನ ಬಯೋಡೇಟಾದಲ್ಲಿ ಬರೆದರೂ ಯಾರೂ ನಗಲಿಕ್ಕಿಲ್ಲ.

ನಾನು ವಿಜಯಪುರದವಳು. ನಮ್ಮೂರಲ್ಲಿ ಹತ್ತುವುದಕ್ಕೆ ಇರುವುದು ಗೋಳಗುಮ್ಮಟ ಮತ್ತು ಉಪ್ಪಲಿ ಬುರುಜು, ಎರಡಕ್ಕೂ ಮೆಟ್ಟಿಲಿವೆ. ಹೀಗಾಗಿ ಬೆಟ್ಟ ಹತ್ತುವುದನ್ನು ಕಲಿತದ್ದು ಕೋಥ್ರೂಡಿಗೆ ಬಂದು ಸಂಸಾರ ಹೂಡಿದ ಮೇಲೆ, ಈ ಸಹ್ಯಾದ್ರಿಯ ಗಡಗಳಲ್ಲಿಯೇ. ತುದಿ ಮುಟ್ಟದೆ ಇಳಿಯುವುದು ಅಂದರೆ ಊಟಕ್ಕೆ ಕೂತು ಅರ್ಧಕ್ಕೆ ಎದ್ದಂತೆ ಎಂದು ನಂಬಿದ ಗುಂಪಿನವಳು ನಾನೂ.

ಅಂಥವರು ನೇಪಾಳ-ಸಿಕ್ಕಿಂ ಗಡಿಯ ಕಾಂಚನಜುಂಗಾ ಪರ್ವತದ ಉತ್ತರ ಬೇಸ್ ಕ್ಯಾಂಪಿಗೆ ಹೋಗಿಬಂದೆವು. ಆ ಜಾಗದ ಹೆಸರು ಪಾಂಗ್‌ಪೆಮಾ, ಎತ್ತರ 5,143 ಮೀಟರ್. ಪರ್ವತದ ಎತ್ತರ 8,586. ಅಂದರೆ ನಾವು ಕೈಮುಗಿದು ನಿಂತ ಜಾಗದಿಂದ ಮೇಲೆ ಇನ್ನೂ ಮೂರು ಸಾವಿರದ ನಾನೂರು ಮೀಟರ್ ಬಾಕಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ 1,646 ಮೀಟರ್. ಅಂಥ ಎರಡನ್ನು ಒಂದರ ಮೇಲೊಂದು ಇಟ್ಟರೂ ಉಳಿದದ್ದು ತುಂಬುವುದಿಲ್ಲ. ಊರಿಗೆ ಫೋನ್ ಮಾಡಿ ಇದನ್ನೆಲ್ಲ ಹುರುಪಿನಿಂದ ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು:

“ಅಂದ್ರ ತುದೀ ಮುಟ್ಟಲಿಲ್ಲೇನ?”

“ಇಲ್ಲವ್ವಾ. ಬುಡದ ತನಕಾ ಅಷ್ಟ.”

“ಅಲ್ಲವಾ, ಅಷ್ಟು ರೊಕ್ಕಾ ಸುರದು, ಗಂಡನ್ನ ಮಕ್ಕಳನ್ನ ಬಿಟ್ಟು ಹೋಗಿ, ಬುಡಾ ನೋಡಿ ಬಂದಿ?”

ಈ ಪ್ರಶ್ನೆಗೆ ಆಗ ನನ್ನ ಹತ್ತಿರ ಇದ್ದದ್ದು ಬರೀ ನಗೆ. ಆಮೇಲೆ ಯೋಚಿಸಿದಷ್ಟೂ ಅದು ಒಳ್ಳೆಯ ಪ್ರಶ್ನೆ ಅನ್ನಿಸತೊಡಗಿತು.

ನಮ್ಮ ಗುಂಪಿನ ಹಿರಿಯರು ಧಾರವಾಡದ ಕಾಕಾ. ಬ್ಯಾಂಕಿನಿಂದ ರಿಟೈರ್ ಆಗಿ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಪ್ರತಿ ಭಾನುವಾರ ಊರೊಳಗಿನ ಪರ್ವತಿ ಗುಡ್ಡ ಹತ್ತುತ್ತಾರೆ. ಇನ್ನೊಬ್ಬ ಹುಬ್ಬಳ್ಳಿಯ ಹುಡುಗ, ಹಿಂಜವಡಿಯ ಐಟಿಯವನು, ಸಿಂಹಗಡದ ಲೆಕ್ಕವನ್ನು ನಿಮಿಷದಲ್ಲಲ್ಲ, ಸೆಕೆಂಡಿನಲ್ಲಿ ಹೇಳುವ ಪೈಕಿ. ಅವನಿಗೆ ಎವರೆಸ್ಟ್ ಬೇಸ್ ಕ್ಯಾಂಪೇ ಬೇಕಾಗಿತ್ತು. ಕಾಕಾ ಒಪ್ಪಲಿಲ್ಲ. “ಸಂತ್ಯಾಗ ನಿಂತು ಗುಡ್ಡಾ ನೋಡೂದು ನನಗ ಸೇರೂದಿಲ್ಲಪಾ” ಅಂದರು. ಎವರೆಸ್ಟಿನ ದಾರಿಗೆ ಇದು ಪೂರ್ತಿ ನ್ಯಾಯವಾದ ಮಾತಲ್ಲ. ನಾಮ್ಚೆ ಬಜಾರಿನ ಕಾಫಿ, ಕೇಕು ಇದ್ದ ಮಾತ್ರಕ್ಕೆ ಪರ್ವತ ಕುಗ್ಗುವುದಿಲ್ಲ. ಆದರೆ ಕಾಕಾನ ಹಟದಿಂದಲೇ ನಾವು ನೇಪಾಳದ ಪೂರ್ವದ ಮೂಲೆಗೆ ಹೋದೆವು ಎನ್ನುವುದೂ ನಿಜ.

ಆ ಮೂಲೆಗೆ ಹೋಗಲು ಕಾಠ್ಮಂಡುವಿನ ದಾರಿ ಹಿಡಿಯಲೇಬೇಕೆಂದಿಲ್ಲ. ಪುಣೆಯಿಂದ ಬಾಗ್ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಪಾನಿಟಂಕಿ, ಮೇಚಿ ನದಿಯ ಸೇತುವೆ ದಾಟಿದರೆ ಕಾಕರ್‌ಭಿಟ್ಟಾ, ನೇಪಾಳ. ಆಮೇಲೆ ಜೀಪಿನಲ್ಲಿ ಇಲಾಮಿನ ಚಹಾ ತೋಟಗಳನ್ನು ಸುತ್ತಿ, ಫಿದಿಮ್ ದಾಟಿ, ತಾಪ್ಲೇಜುಂಗ್. ಸೊಂಟದ ಪರೀಕ್ಷೆ ನಡೆಯುವುದು ಇಲ್ಲಿಯೇ, ಬೆಟ್ಟದಲ್ಲಲ್ಲ. ಕಾಂಚನಜುಂಗಾ ಪ್ರದೇಶ ನೇಪಾಳದ ನಿರ್ಬಂಧಿತ ವಲಯಗಳಲ್ಲೊಂದು. ನೋಂದಾಯಿತ ಏಜೆನ್ಸಿಯ ಮೂಲಕ ಪರವಾನಗಿ ತೆಗೆದುಕೊಂಡು, ಗೈಡ್ ಜೊತೆಗೇ ಹೋಗಬೇಕು. ಅಷ್ಟು ಹೇಳಿದರೆ ಪ್ರಯಾಣದ ಮಾತು ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ತಾಪ್ಲೇಜುಂಗಿನ ಕೆಳಗಿನ ಇಳಿಜಾರುಗಳು. ಅಲ್ಲಿ ದೊಡ್ಡ ಏಲಕ್ಕಿ ಬೆಳೆಯುತ್ತಾರೆ, ಆ ಕಪ್ಪು, ಗಡ್ಡದಂಥ ಸಿಪ್ಪೆಯದು. ಉತಿಸ್ ಎಂಬ ಮರಗಳ ನೆರಳಲ್ಲಿ, ತೊರೆಗಳ ಪಕ್ಕದ ತೇವದಲ್ಲಿ ಅದರ ಗಿಡ ಪೊದೆಯಾಗಿ ಬೆಳೆಯುತ್ತದೆ. ಕಾಯಿ ಬಿಡುವುದು ಬುಡದಲ್ಲಿ, ನೆಲಕ್ಕೆ ತಾಗಿಕೊಂಡು. ಕೊಯ್ದದ್ದನ್ನು ಭಟ್ಟಿಯಲ್ಲಿ ಸೌದೆ ಉರಿಸಿ ಒಣಗಿಸುತ್ತಾರೆ. ಮಸಾಲೆಗೆ ಬರುವ ಆ ಹೊಗೆಯ ವಾಸನೆ ಈ ಭಟ್ಟಿಯದೇ. ಪುಣೆಯ ಅಡುಗೆಮನೆಯಲ್ಲಿ ಇಷ್ಟು ವರ್ಷ ಮಸಾಲಾ ವೇಲಚಿ ಎಂದು ಡಬ್ಬಿಯಲ್ಲಿ ತುಂಬಿಡುತ್ತ ಬಂದವಳಿಗೆ ಅದರ ತವರುಮನೆ ಎದುರಾದದ್ದು ಹೀಗೆ, ನಿರೀಕ್ಷೆ ಇಲ್ಲದೆ.

ಇನ್ನೊಂದು ಅಚ್ಚರಿ ರಾಗಿ. ಲಿಂಬೂ ಜನರ ಮನೆಗಳಲ್ಲಿ ತೋಂಗ್ಬಾ ಕೊಡುತ್ತಾರೆ. ಬೇಯಿಸಿದ ರಾಗಿಗೆ ಹೆಪ್ಪು ಕೂಡಿಸಿ ಹುದುಗಲು ಕೆಲವು ವಾರ ಇಟ್ಟು, ಅದನ್ನು ಮರದ ಪಾತ್ರೆಯಲ್ಲಿ ತುಂಬಿ, ಮೇಲೆ ಬಿಸಿನೀರು ಹೊಯ್ದು, ಬಿದಿರಿನ ಸಣ್ಣ ಕೊಳವೆಯಿಂದ ಹೀರುವುದು. ನೀರು ಮುಗಿದರೆ ಮತ್ತೆ ಬಿಸಿನೀರು. ಕಾಳು ಕಾಳಾಗಿಯೇ ಇರುತ್ತದೆ. ಕಾಕಾ ಮುಟ್ಟಲಿಲ್ಲ, ಆದರೆ ಪಾತ್ರೆಯೊಳಗೆ ಇಣುಕಿ ನೋಡಿ, “ರಾಗಿ ತಿಂದವ ನಿರೋಗಿ ಅಂತಾರ, ಕುಡದವಂದು ಯಾರೂ ಬರದಿಲ್ಲ” ಅಂದರು. ನಾನು ರುಚಿ ನೋಡಿದೆ. ಹುಳಿ, ಸ್ವಲ್ಪ ಒಗರು, ಒಳಗೆ ಬೆಚ್ಚಗೆ. ಎತ್ತರ ಏರುವಾಗ ಮದ್ಯ ಬೇಡ ಎಂದು ನಮ್ಮ ಗೈಡ್ ದಾಯಿ (ನೇಪಾಳಿಯಲ್ಲಿ ಅಣ್ಣ) ಮೊದಲೇ ಹೇಳಿದ್ದರಿಂದ ಅಲ್ಲಿಗೇ ನಿಂತಿತು.

ನಡಿಗೆ ಶುರುವಾಗುವುದು ಸೇಕಾಥುಮ್ ಕಡೆಯಿಂದ, ಘುನ್ಸಾ ಖೋಲಾ ಎಂಬ ಹೊಳೆಯ ಕಮರಿಯಲ್ಲಿ. ಆಮ್ಜಿಲೋಸಾ, ಗ್ಯಾಬ್ಲಾ, ಘುನ್ಸಾ, ಹೀಗೆ ಹಳ್ಳಿಯಿಂದ ಹಳ್ಳಿಗೆ. ಗ್ಯಾಬ್ಲಾ 2,730 ಮೀಟರ್ ಎತ್ತರದಲ್ಲಿದೆ. ನಮ್ಮ ಕರ್ನಾಟಕದ ಮುಳ್ಳಯ್ಯನಗಿರಿ 1,930ರ ಹತ್ತಿರ. ಅಂದರೆ ಇನ್ನೂ ಹಿಮಾಲಯ ಶುರುವಾಗಿಲ್ಲ ಎಂದು ಅಲ್ಲಿನವರು ಹೇಳುವ ಜಾಗದಲ್ಲಿ ನಾವು ನಮ್ಮ ಎರಡೂ ರಾಜ್ಯಗಳ ನೆತ್ತಿಗಿಂತ ಬಹಳ ಮೇಲೆ ಮಲಗಿದ್ದೆವು. ಬಿದಿರು, ಜಲಪಾತ, ಜಿಗಣೆಯ ಕಾಡು ಹಿಂದಾಗಿ ಘುನ್ಸಾ ಹತ್ತಿರವಾಗುತ್ತಿದ್ದಂತೆ ಲಾರ್ಚ್ ಮರಗಳು ಬರುತ್ತವೆ. ಸೂಜಿಯೆಲೆಯ ಮರವಾದರೂ ಚಳಿಗಾಲಕ್ಕೆ ಮುಂಚೆ ಎಲೆ ಉದುರಿಸುವ ಜಾತಿ ಅದು; ನಾವು ಹೋದ ಅಕ್ಟೋಬರಿನಲ್ಲಿ ಇಡೀ ಕಣಿವೆ ಅರಿಶಿನದ ಬಣ್ಣಕ್ಕೆ ತಿರುಗಿತ್ತು.

ಘುನ್ಸಾದ ಹೆಸರು ನನಗೆ ಮೊದಲು ಗೊತ್ತಾದದ್ದು ಒಂದು ಅಪಘಾತದಿಂದ. ಕಾಂಚನಜುಂಗಾ ಸಂರಕ್ಷಣಾ ಪ್ರದೇಶವನ್ನು 1997ರಲ್ಲಿ ಘೋಷಿಸಿದ್ದರು. ಅದರ ಆಡಳಿತವನ್ನು ಸರ್ಕಾರ ಸ್ಥಳೀಯ ಜನರ ಕೈಗೇ ಒಪ್ಪಿಸಲು ನಿರ್ಧರಿಸಿತು. 2006ರ ಸೆಪ್ಟೆಂಬರಿನಲ್ಲಿ ಆ ಕಾರ್ಯಕ್ರಮಕ್ಕೆ ನೇಪಾಳದ ಅರಣ್ಯ ಖಾತೆಯ ಸಹಾಯಕ ಸಚಿವರು, ನಿಸರ್ಗ ಸಂರಕ್ಷಣೆಗೆ ದುಡಿದ ಹರ್ಕ ಗುರುಂಗ್, ಚಂದ್ರ ಗುರುಂಗ್, ಮಿಂಗ್ಮಾ ನೋರ್ಬು ಶೆರ್ಪಾ ಅವರಂಥವರು ಹೆಲಿಕಾಪ್ಟರಿನಲ್ಲಿ ಬಂದಿದ್ದರು. ಸೆಪ್ಟೆಂಬರ್ 23ರಂದು ಘುನ್ಸಾದಿಂದ ಹಿಂತಿರುಗುವಾಗ ಹೆಲಿಕಾಪ್ಟರ್ ಬೆಟ್ಟಕ್ಕೆ ಬಡಿದು ಒಳಗಿದ್ದ 24 ಜನರೂ ತೀರಿಕೊಂಡರು. ನೇಪಾಳದ ನಿಸರ್ಗ ಸಂರಕ್ಷಣೆಯ ಒಂದು ತಲೆಮಾರೇ ಒಂದೇ ಬೆಳಿಗ್ಗೆ ಹೋಯಿತು. ಕಾಡನ್ನು ಕಾಡಿನವರಿಗೆ ಬಿಟ್ಟುಕೊಟ್ಟು ಬರಲು ಹೋದವರು ಅವರು. ಊರಿನಲ್ಲಿ ಅವರ ಸ್ಮಾರಕವಿದೆ. ಅವರು ಒಪ್ಪಿಸಿಹೋದ ವ್ಯವಸ್ಥೆ ಉಳಿದುಕೊಂಡಿದೆ. ಶಿಖರದ ಮೇಲೆ ನಿಂತವರ ಪಟ್ಟಿ ಎಲ್ಲ ಪುಸ್ತಕಗಳಲ್ಲಿ ಸಿಗುತ್ತದೆ. ಈ ಇಪ್ಪತ್ತನಾಲ್ಕು ಜನರನ್ನು ನೆನೆಯುವ ಟ್ರೆಕ್ಕರ್ ಕಡಿಮೆ.

ಘುನ್ಸಾದಲ್ಲಿ ಒಂದು ಇಡೀ ದಿನ ಸುಮ್ಮನಿರಬೇಕು. ಪುಣೆಯ ಗಡಗಳ ಮೇಲೆ ಪಳಗಿದವರಿಗೆ ಇದು ಅರ್ಥವಾಗುವುದಿಲ್ಲ. ಕಾಲಲ್ಲಿ ಕಸುವಿದೆ, ಹವೆ ಚೆನ್ನಾಗಿದೆ, ಕೂತೇನು ಮಾಡುವುದು? ಆದರೆ ಇಲ್ಲಿಂದ ಮುಂದೆ ಕೆಲಸ ಕಾಲಿನದಲ್ಲ. ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇಕಡಾ 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಪಾಂಗ್‌ಪೆಮಾದ ಎತ್ತರದಲ್ಲಿ ಅದು ಸಮುದ್ರದಂಡೆಯ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಅಂದರೆ ಒಂದೊಂದು ಉಸಿರಿಗೆ ಒಳಗೆ ಬರುವುದು ಸುಮಾರು ಅರ್ಧ. ಮೈ ಇದಕ್ಕೆ ಹೊಂದಿಕೊಳ್ಳುತ್ತದೆ: ಉಸಿರಾಟ ಹೆಚ್ಚುತ್ತದೆ, ಅದರಿಂದ ಏರುಪೇರಾದ ರಕ್ತದ ಕ್ಷಾರವನ್ನು ಮೂತ್ರಪಿಂಡ ಹೊರಹಾಕುತ್ತದೆ, ನಿಧಾನವಾಗಿ ಕೆಂಪು ರಕ್ತಕಣ ಹೆಚ್ಚುತ್ತವೆ. ಆದರೆ ಇದೆಲ್ಲ ಅದರದೇ ಲೆಕ್ಕದಲ್ಲಿ ನಡೆಯಬೇಕು. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ನಿಲ್ಲಿ ಎಂದು ವೈದ್ಯರು ಹೇಳುವುದು ಇದಕ್ಕೇ. ದಿನಾ ಜಿಮ್ಮಿಗೆ ಹೋಗುವವನೆಂದು ಬೆಟ್ಟ ರಿಯಾಯಿತಿ ಕೊಡುವುದಿಲ್ಲ. ನಿಜ ಹೇಳಬೇಕೆಂದರೆ ಗಟ್ಟಿಮುಟ್ಟಾದವರಿಗೇ ಅಪಾಯ ಹೆಚ್ಚಾಗುವುದುಂಟು, ಯಾಕೆಂದರೆ ಅವರು ಬೇಗ ಮೇಲೆ ಹೋಗಬಲ್ಲರು.

ದಾಯಿಯ ಬಾಯಲ್ಲಿ ಒಂದೇ ಮಂತ್ರ: “ಬಿಸ್ತಾರೈ, ಬಿಸ್ತಾರೈ.” ನಿಧಾನ, ನಿಧಾನ. ಕಾಕಾನಿಗೆ ಇದು ಬಲು ಹಿಡಿಸಿತು. ವಯಸ್ಸಿನ ಕಾರಣಕ್ಕೆ ಪುಣೆಯಲ್ಲಿ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದವರು ಇಲ್ಲಿ ಶಾಸ್ತ್ರೋಕ್ತವಾಗಿ ನಡೆಯುವವರಾದರು. ಹುಬ್ಬಳ್ಳಿಯ ಹುಡುಗ ಮಾತ್ರ ಕಂಬಾಚೆನ್ ಎಂಬ ಮುಂದಿನ ತಾಣಕ್ಕೆ, 4,050 ಮೀಟರಿಗೆ, ಎಲ್ಲರಿಗಿಂತ ಮುಂಚೆ ಮುಟ್ಟಿ ಬಿಸಿಲು ಕಾಯಿಸುತ್ತ ಕೂತಿದ್ದ. ಆ ರಾತ್ರಿ ತಲೆನೋವು. ಬೆಳಿಗ್ಗೆ ವಾಂತಿ, ಊಟ ಬೇಡ, ಶೂ ಲೇಸ್ ಕಟ್ಟಿಕೊಳ್ಳಲೂ ಬೇಸರ. ದಾಯಿ ಚರ್ಚೆ ಮಾಡಲಿಲ್ಲ. ಇನ್ನೊಂದು ದಿನ ಅಲ್ಲೇ ನೋಡಿದರು, ಕಡಿಮೆಯಾಗದಿದ್ದಾಗ ಒಬ್ಬ ಪೋರ್ಟರನ್ನು ಜೊತೆ ಮಾಡಿ ಘುನ್ಸಾಕ್ಕೆ ಇಳಿಸಿಬಿಟ್ಟರು. ಎತ್ತರದ ಕಾಯಿಲೆಗೆ ಇಳಿಯುವುದಕ್ಕಿಂತ ಒಳ್ಳೆಯ ಔಷಧ ಇಲ್ಲ. ತಡಮಾಡಿದರೆ ಮಿದುಳಿಗೋ ಪುಪ್ಪುಸಕ್ಕೋ ನೀರು ತುಂಬುವ ತನಕ ಹೋಗಬಹುದು. ಅವನು ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ಕಂಬಾಚೆನ್‌ನಲ್ಲಿ ಸುಮ್ಮನೆ ಕೂತ ಆ ದಿನ ನಾನು ಯೋಚಿಸುತ್ತಿದ್ದುದು ಶರಚ್ಚಂದ್ರ ದಾಸರ ಬಗ್ಗೆ. ಡಾರ್ಜಿಲಿಂಗಿನ ಶಾಲೆಯೊಂದರ ಹೆಡ್ಮಾಸ್ತರು. 1879ರಲ್ಲಿ ಉಗ್ಯೆನ್ ಗ್ಯಾತ್ಸೋ ಎಂಬ ಲಾಮಾನ ಜೊತೆಗೆ ಇದೇ ಕಣಿವೆ ಹಾದು ಟಿಬೆಟ್ಟಿನ ತಾಶಿಲ್ಹುನ್ಪೋ ಮಠದ ತನಕ ಹೋದ ಬಂಗಾಳಿ. ಹೊರಗೆ ವಿದ್ವಾಂಸ, ಒಳಗೆ ಬ್ರಿಟಿಷರಿಗೆ ಗುಟ್ಟಾಗಿ ವರದಿ ಬರೆಯುವವ. ಡೌನ್ ಜಾಕೆಟ್ ಇಲ್ಲ, ಸ್ಯಾಟಲೈಟ್ ಫೋನ್ ಇಲ್ಲ. ಬೆಟ್ಟ ಹತ್ತುವ ಆಸೆಯಂತೂ ಇರಲೇ ಇಲ್ಲ. ಅವರಿಗೆ ಬೆಟ್ಟ ದಾಟಬೇಕಿತ್ತು ಅಷ್ಟೆ. ಅವರಿಗೂ ಮೊದಲು, 1850ರ ಸುಮಾರಿನ ತನಕ, ಜಗತ್ತಿನ ಅತಿ ಎತ್ತರದ ಪರ್ವತವೆಂದು ಹಲವರು ನಂಬಿದ್ದು ಕಾಂಚನಜುಂಗಾವನ್ನೇ. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಯಲಲ್ಲಿ ಸರಪಳಿ ಎಳೆದು ನೆಲ ಅಳೆದ ಬ್ರಿಟಿಷರ ಅದೇ ಮಹಾಸರ್ವೇಯ ಮುಂದಿನ ತಲೆಮಾರಿನವರು ಲೆಕ್ಕ ಹಾಕಿ, ಹದಿನೈದನೆಯ ನಂಬರಿನ ಶಿಖರ ಇದಕ್ಕಿಂತ ಎತ್ತರ ಎಂದು 1856ರಲ್ಲಿ ಪ್ರಕಟಿಸಿದರು. ಅದು ಎವರೆಸ್ಟ್. ಕಾಂಚನಜುಂಗಾಕ್ಕೆ ಈಗ ಮೂರನೆಯ ಸ್ಥಾನ. ಹೀಗೆ ಕೆಳಗೆ ಬಂದದ್ದರಿಂದ ಅದಕ್ಕೆ ಉಪಕಾರವೇ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಜನಜಂಗುಳಿ ಎವರೆಸ್ಟಿನ ಕಡೆ ಹೋಯಿತು.

ಲ್ಹೋನಾಕ್ 4,780 ಮೀಟರ್. ಅಲ್ಲಿ ನೀರು ಸುಮಾರು 84 ಡಿಗ್ರಿಗೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ಬೇಳೆ ಬೇಯುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಉಸಿರು ನಿಂತು, ಮತ್ತೆ ಒಮ್ಮೆಗೇ ಜೋರಾಗಿ ಶುರುವಾಗಿ, ಗಾಬರಿಯಿಂದ ಎಚ್ಚರವಾಗುತ್ತದೆ. ಎತ್ತರದಲ್ಲಿ ಅದು ಸಾಮಾನ್ಯ ಎಂದು ಗೊತ್ತಿದ್ದರೂ ಎದೆ ಡವಗುಟ್ಟುವುದು ಬಿಡುವುದಿಲ್ಲ. ನೀರಿನ ಬಾಟಲಿಯನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಳ್ಳದಿದ್ದರೆ ಬೆಳಿಗ್ಗೆ ಕುಡಿಯಲು ಸಿಗುವುದು ಕಲ್ಲು. ಪಾಯಖಾನೆಗೆ ಎದ್ದು ಹೋಗುವುದರ ಬಗ್ಗೆ ಬರೆಯುವುದಿಲ್ಲ, ಮರ್ಯಾದಸ್ಥರು ಓದುವ ಬರಹ.

ಅಲ್ಲಿಂದ ಪಾಂಗ್‌ಪೆಮಾಕ್ಕೆ ಬೆಳಿಗ್ಗೆ ಹೊರಟು ಹೋಗಿ ಅವತ್ತೇ ಹಿಂತಿರುಗುವುದು ರೂಢಿ. ದಾರಿ ಕಡಿದಾಗಿಲ್ಲ. ಎಡಕ್ಕೆ ಗುಡ್ಡ, ಬಲಕ್ಕೆ ಕೆಳಗೆ ಹಿಮನದಿ. ಹಿಮನದಿ ಅಂದರೆ ಬೆಳ್ಳಗೆ ಹೊಳೆಯುವುದು ಎಂದುಕೊಂಡು ಹೋದವರಿಗೆ ಇಲ್ಲಿ ಕಾಣುವುದು ಕಲ್ಲು, ಬೂದು ಮಣ್ಣು, ಅಲ್ಲಲ್ಲಿ ಹಸಿರು ನೀರಿನ ಹೊಂಡ. ಮಂಜುಗಡ್ಡೆ ಇರುವುದು ಆ ರಾಶಿಯ ಅಡಿಗೆ. ಆಗಾಗ ಒಳಗಿನಿಂದ ಕಲ್ಲು ಜಾರುವ ಸದ್ದು. ನೀಲಿ ಕುರಿಗಳ ಒಂದು ಹಿಂಡು ನಮ್ಮನ್ನು ನೋಡಿಯೂ ನೋಡದ ಹಾಗೆ ಮೇಯುತ್ತಿತ್ತು. ತಿರುವೊಂದನ್ನು ದಾಟಿದರೆ ಪರ್ವತದ ಉತ್ತರ ಮುಖ ಇಡೀ ಆಕಾಶವನ್ನು ತೆಗೆದುಕೊಂಡುಬಿಡುತ್ತದೆ.

ಬೇಸ್ ಕ್ಯಾಂಪ್ ಎನ್ನುವ ಜಾಗದಲ್ಲಿ ಏನಿದೆ? ಹುಲ್ಲಿನ ಒಂದು ಮೆಟ್ಟು, ಕಲ್ಲಿನ ಕೆಲವು ಗುಡಿಸಲು, ಗಾಳಿಗೆ ಹರಿದ ಪ್ರಾರ್ಥನಾ ಬಾವುಟ. ಅಷ್ಟೆ. ಬುರುಜಿಲ್ಲ, ಟಾಕಿ ಇಲ್ಲ, ಭಾಕರಿ ಇಲ್ಲ. ಇದು ಬೇರೆಯವರು ಹೊರಡುವ ಜಾಗ. 1930ರಲ್ಲಿ ಡೈರೆನ್‌ಫುರ್ತ್ ಎಂಬವರ ಮುಂದಾಳತ್ವದ ಅಂತರರಾಷ್ಟ್ರೀಯ ತಂಡ ಈ ಮುಖವನ್ನೇ ಹತ್ತಲು ಬಂದಿತ್ತು. ಮೇಲಿನ ಹಿಮದ ಗೋಡೆ ಕುಸಿದು ಚೇಟನ್ ಎಂಬ ಶೆರ್ಪಾ ಸತ್ತರು. ತಂಡ ಈ ಮುಖವನ್ನು ಬಿಟ್ಟು ಹೋಯಿತು. ಅದೇ ಗೋಡೆ ನಮ್ಮೆದುರಿಗಿತ್ತು. ಒಂದರ ಮೇಲೊಂದು ಮೂರು ನಾಲ್ಕು ಹಂತ ನೀಲಿ ಮಂಜುಗಡ್ಡೆ, ನಡುವೆ ಕರಿ ಬಂಡೆ. ಇದರ ತುದಿಯನ್ನು ನೋಡಬೇಕೆಂದರೆ ಕತ್ತು ನೋಯುತ್ತದೆ. ಫೋಟೋದಲ್ಲಿ ಇದೆಲ್ಲ ಪುಟ್ಟದಾಗಿ, ಕ್ಯಾಲೆಂಡರಿನ ಚಿತ್ರದ ಹಾಗೆ ಬಂದಿದೆ. ಯಾರಿಗೂ ತೋರಿಸುವುದನ್ನು ಬಿಟ್ಟಿದ್ದೇನೆ.

ಅಲ್ಲಿ ನನಗಾದದ್ದು ಇಷ್ಟು: ಮೇಲೆ ಹೋಗಬೇಕು ಅನ್ನಿಸಲಿಲ್ಲ. ಇಪ್ಪತ್ತು ವರ್ಷದಿಂದ ಯಾವ ಗಡದ ಕೆಳಗೆ ನಿಂತರೂ ದಾರಿ ಎಲ್ಲಿದೆ ಎಂದು ಹುಡುಕುವ ಕಣ್ಣು ಇದು. ಇಲ್ಲಿ ಹುಡುಕಲಿಲ್ಲ. ಭಯವಲ್ಲ, ಭಕ್ತಿ ಎಂದರೂ ಹೆಚ್ಚಾದೀತು. ಕಾಕಾ ಒಂದು ಕಲ್ಲಿನ ಮೇಲೆ ಕೂತು, ಬ್ಯಾಂಕಿನಲ್ಲಿ ಚೆಕ್ಕಿನ ಸಹಿ ತಾಳೆ ನೋಡುವ ಗಾಂಭೀರ್ಯದಲ್ಲಿ ಗೋಡೆಯನ್ನು ಬಹಳ ಹೊತ್ತು ನೋಡಿದರು. “ಸಾಕು,” ಅಂದರು. ಆ ಮಾತಿನಲ್ಲಿ ಬೇಸರ ಇರಲಿಲ್ಲ.

ಅವ್ವನ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಒದಗಿಬಂದವಳು ನಮ್ಮ ಆಯಿ, ಅವ್ವನ ತಾಯಿ. ಆಯಿ ಆಷಾಢದಲ್ಲಿ ದಿಂಡಿಯ, ಅಂದರೆ ಭಜನೆ ಮಾಡುತ್ತ ನಡೆಯುವ ಭಕ್ತರ ಗುಂಪಿನ, ಜೊತೆ ಪಂಢರಪುರಕ್ಕೆ ನಡೆದು ಹೋಗುತ್ತಿದ್ದಳು. ಆಳಂದಿ, ದೇಹುಗಳಿಂದ ಹೊರಟ, ಸಂತರ ಪಾದುಕೆ ಹೊತ್ತ ಪಾಲಖಿಗಳು ಪುಣೆಯಲ್ಲಿ ತಂಗುವುದನ್ನು, ಆಮೇಲೆ ಆಳಂದಿಯದು ದಿವೆ ಘಾಟ್ ಹತ್ತಿ ಸಾಗುವುದನ್ನು ನಾನು ಇಲ್ಲಿ ಪ್ರತಿ ವರ್ಷ ನೋಡುತ್ತೇನೆ. ಆಯಿ ಬರುತ್ತಿದ್ದದ್ದು ಈಚೆ ದಿಕ್ಕಿನಿಂದ, ನಮ್ಮ ಸೀಮೆಯ ದಿಂಡಿಗಳೊಂದಿಗೆ. ಏಕಾದಶಿಯ ದಿನ ವಿಠೋಬನ ಪಾದ ಮುಟ್ಟಬೇಕೆಂದರೆ ದಿನಗಟ್ಟಲೆ ಸಾಲಿನಲ್ಲಿ ನಿಲ್ಲಬೇಕು. ಹೀಗೆ ನಡೆದು ಬರುವ ವಾರಕರಿಗಳಲ್ಲಿ ಎಷ್ಟೋ ಜನ ನಿಲ್ಲುವುದೇ ಇಲ್ಲ. ಚಂದ್ರಭಾಗೆಯಲ್ಲಿ ಮುಳುಗಿ, ಗುಡಿಯ ಬಾಗಿಲಿನ ಸಂತ ನಾಮದೇವನ ಮೆಟ್ಟಿಲಿಗೆ ಹಣೆ ಹಚ್ಚಿ, ದೂರದಿಂದ ಕಳಸ ನೋಡಿ ಕೈಮುಗಿದು ಊರಿನ ದಾರಿ ಹಿಡಿಯುತ್ತಾರೆ. ಒಳಗೆ ಬರುವ ಭಕ್ತರ ಪಾದಧೂಳಿ ತಾಗಲೆಂದು ನಾಮದೇವ ಆ ಮೆಟ್ಟಿಲ ಕೆಳಗೇ ಇರಲು ಬಯಸಿದ ಎಂದು ಸಂಪ್ರದಾಯ. ಒಳಗೆ ಬಿಡದ ಜಾತಿಯಲ್ಲಿ ಹುಟ್ಟಿದ ಸಂತ ಚೋಖಾಮೇಳನ ಸಮಾಧಿಯೂ ಅಲ್ಲೇ ಎದುರಿಗೆ. ಇಬ್ಬರೂ ಹೊರಗೆ. ಒಬ್ಬ ತಾನಾಗಿ, ಇನ್ನೊಬ್ಬನನ್ನು ತಡೆದು ನಿಲ್ಲಿಸಿದ್ದು. ಆ ವ್ಯತ್ಯಾಸವನ್ನು ಮರೆತು ಹೊರಗಿರುವುದನ್ನು ಕೊಂಡಾಡಬಾರದು ಎಂಬುದೂ ನನಗೆ ಗೊತ್ತು. ಆದರೆ ಆಯಿ ಕಳಸ ನೋಡಿ ಬಂದ ವರ್ಷ, ದರ್ಶನವಾಯಿತೇ ಎಂದು ಯಾರಾದರೂ ಕೇಳಿದರೆ “ಆತು” ಎಂದೇ ಹೇಳುತ್ತಿದ್ದಳು. ಅದಕ್ಕೆ ಯಾವ ಅಡಿಟಿಪ್ಪಣಿಯನ್ನೂ ಸೇರಿಸುತ್ತಿರಲಿಲ್ಲ.

ಇದನ್ನು ಅವ್ವನಿಗೆ ಹೇಳಿದೆ. ಅವಳೇನು ಸುಲಭಕ್ಕೆ ಸೋಲುವವಳಲ್ಲ.

“ಅದು ಬ್ಯಾರೆ. ಅಲ್ಲಿ ಒಳಗ ವಿಠೋಬಾ ಅದಾನ. ನಿನ್ನ ಗುಡ್ಡದಾಗ ಯಾರ ಅದಾರ?”

ಇದ್ದಾರೆ. ಸಿಕ್ಕಿಮಿನವರಿಗೆ ಕಾಂಚನಜುಂಗಾ ನಾಡನ್ನು ಕಾಯುವ ದೇವರು. ಪಾಂಗ್ ಲ್ಹಾಬ್ಸೋಲ್ ಎಂಬ ಹಬ್ಬದಲ್ಲಿ ಪ್ರತಿ ವರ್ಷ ಪೂಜೆ ಸಲ್ಲುತ್ತದೆ. ಅದಕ್ಕೇ 1955ರಲ್ಲಿ ಚಾರ್ಲ್ಸ್ ಇವಾನ್ಸ್ ಮುಂದಾಳತ್ವದ ಬ್ರಿಟಿಷ್ ತಂಡ ನೇಪಾಳದ ಕಡೆಯಿಂದ ಹತ್ತಲು ಹೊರಟಾಗ, ತುತ್ತತುದಿಯನ್ನು ತುಳಿಯುವುದಿಲ್ಲ ಎಂದು ಸಿಕ್ಕಿಮಿನ ದೊರೆಗೆ ಮಾತು ಕೊಟ್ಟಿತು. ಮೇ 25ರಂದು ಜಾರ್ಜ್ ಬ್ಯಾಂಡ್ ಮತ್ತು ಜೋ ಬ್ರೌನ್ ಮೇಲೆ ಹೋದರು. ಬ್ರೌನ್ ಮ್ಯಾಂಚೆಸ್ಟರಿನ ಪ್ಲಂಬರ್. ಕೊನೆಗೆ ಎದುರಾದ ಬಂಡೆಯ ಸೀಳಿನಲ್ಲಿ ಮುಷ್ಟಿ ತುರುಕಿ, ಸಿಲಿಂಡರಿನ ಆಮ್ಲಜನಕ ಹೆಚ್ಚಿಸಿಕೊಂಡು ಹತ್ತಿದರು. ಹತ್ತಿ ನೋಡಿದರೆ ಕೆಲವೇ ಅಡಿ ದೂರದಲ್ಲಿ, ಸುಲಭದ ಹಿಮದ ದಿಬ್ಬವಾಗಿ, ತುದಿ. ಇಬ್ಬರೂ ಅಲ್ಲೇ ನಿಂತರು. ಮರುದಿನ ನಾರ್ಮನ್ ಹಾರ್ಡಿ, ಟೋನಿ ಸ್ಟ್ರೀದರ್ ಹೋದರು, ಅವರೂ ನಿಂತರು. ಆ ಪರ್ವತವನ್ನು ಮೊದಲು ಹತ್ತಿದವರು ಯಾರೆಂದರೆ ಅದರ ತುದಿ ಮುಟ್ಟದೆ ಬಂದ ಈ ನಾಲ್ಕು ಜನ. ದಾಖಲೆಯ ಪುಸ್ತಕಗಳು ಇದನ್ನು ಪೂರ್ಣ ಆರೋಹಣವೆಂದೇ ಬರೆದುಕೊಂಡಿವೆ.

1977ರಲ್ಲಿ ಕರ್ನಲ್ ನರಿಂದರ್ ಕುಮಾರ್ ಅವರ ನೇತೃತ್ವದಲ್ಲಿ ನಮ್ಮ ಸೇನೆಯ ತಂಡ ಸಿಕ್ಕಿಮಿನ ಕಡೆಯ ಕಠಿಣ ಏಣಿನಿಂದ ಹತ್ತಿತು. ಈಗ ಸಿಕ್ಕಿಮಿನ ಕಡೆಯಿಂದ ಹತ್ತುವುದಕ್ಕೇ ನಿಷೇಧವಿದೆ. ನೇಪಾಳದ ಕಡೆಯಿಂದ ಹೋಗುವವರು ಹೋಗುತ್ತಲೇ ಇದ್ದಾರೆ; 2019ರ ಮೇ 15ರಂದು ನಮ್ಮ ಪುಣೆಯ ಗಿರಿಪ್ರೇಮಿ ಸಂಸ್ಥೆಯ ಹತ್ತು ಜನ ಒಟ್ಟಿಗೇ ಶಿಖರ ತಲುಪಿದಾಗ ಊರಿಗೆ ಊರೇ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಆ ಹಳೆಯ ಮಾತನ್ನು ಉಳಿಸಿಕೊಂಡು ತುದಿಗೆ ತುಸು ಕೆಳಗೆ ನಿಲ್ಲುವ ಆರೋಹಿಗಳು ಆಮೇಲೂ ಇದ್ದಾರೆ. ನನಗೆ ಈ ಕಟ್ಟಳೆ ಇಷ್ಟವಾಗುವುದು ಅದನ್ನು ಕಾಯಲು ಅಲ್ಲಿ ಯಾರೂ ಇಲ್ಲವೆಂಬ ಕಾರಣಕ್ಕೆ. ಎಂಟೂವರೆ ಸಾವಿರ ಮೀಟರಿನಲ್ಲಿ ಪೊಲೀಸರಿಲ್ಲ, ಪೂಜಾರಿಯಿಲ್ಲ. ಹತ್ತು ಹೆಜ್ಜೆ ಇಟ್ಟರೂ ಕೇಳುವವರಿಲ್ಲ.

ಬುಡದ ಮಾತಿಗೆ ಬಂದರೆ ಇನ್ನೊಂದು ವಿಷಯ. ಬೇಸ್ ಕ್ಯಾಂಪಿನ ತನಕ ನಾವು ನಡೆದೆವು ಎನ್ನುತ್ತೇವೆ. ನಮ್ಮ ಸಾಮಾನು ನಡೆದದ್ದು ಬೇರೆಯವರ ನೆತ್ತಿಯ ಮೇಲೆ. ಡೋಕೊ ಎಂಬ ಬಿದಿರಿನ ಬುಟ್ಟಿ, ಅದರ ಭಾರವನ್ನು ಹಣೆಯಿಂದ ಎಳೆದು ಹಿಡಿಯುವ ನಾಮ್ಲೊ ಎಂಬ ಪಟ್ಟಿ. ಟ್ರೆಕ್ಕಿಂಗ್ ಪೋರ್ಟರಿಗೆ 30 ಕಿಲೋಗಿಂತ ಹೆಚ್ಚು ಹೊರಿಸಬಾರದೆಂಬ ನಿಯಮವಿದೆ. ಅಂಗಡಿಗಳಿಗೆ ಅಕ್ಕಿ, ಸೀಮೆಎಣ್ಣೆ ಹೊರುವವರು ಅದರ ಎರಡು ಪಟ್ಟು ಹೊತ್ತು ಏರುವುದನ್ನು ಕಣ್ಣಾರೆ ನೋಡಿದೆ. ಅವರಿಗೆ ಪಾಂಗ್‌ಪೆಮಾ ತುದಿಯೂ ಅಲ್ಲ, ಬುಡವೂ ಅಲ್ಲ, ಕೂಲಿ ಮುಗಿಯುವ ಜಾಗ. ಏಜೆನ್ಸಿಯ ಜೊತೆ ಮಾತಾಡುವಾಗ ನಾವು ರೂಮಿನಲ್ಲಿ ಚಾರ್ಜಿಂಗ್ ಇದೆಯೇ ಎಂದು ಕೇಳುತ್ತೇವೆ. ಪೋರ್ಟರಿಗೆ ವಿಮೆ ಇದೆಯೇ, ಬೂಟಿದೆಯೇ, ಅವರು ಮಲಗುವುದೆಲ್ಲಿ ಎಂದು ಮೊದಲು ಕೇಳಿ. ಉತ್ತರ ಅಸ್ಪಷ್ಟವಾದರೆ ಏಜೆನ್ಸಿ ಬದಲಿಸಿ. ಇದರಲ್ಲಿ ಸಂಕೋಚ ಬೇಡ.

ಇಳಿದು ಘುನ್ಸಾಕ್ಕೆ ಬಂದಾಗ ಹುಬ್ಬಳ್ಳಿಯ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಕೂತಿರುತ್ತಾನೆ, ಹೇಗೆ ಸಮಾಧಾನ ಮಾಡುವುದು ಎಂದು ನಾನು, ಕಾಕಾ ದಾರಿಯುದ್ದಕ್ಕೂ ಮಾತಾಡಿಕೊಂಡಿದ್ದೆವು. ಹೋದರೆ ಆಸಾಮಿ ಲಾಡ್ಜಿನ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಥಾಲೀಪಿಟ್ಟು ತಟ್ಟುತ್ತಿದ್ದ! ಇಳಿದ ಮಾರನೆಯ ದಿನಕ್ಕೇ ತಲೆನೋವು ಹೋಗಿದೆ. ಆಮೇಲೆ ಕೆಲಸವಿಲ್ಲ, ನೆಟ್‌ವರ್ಕ್ ಇಲ್ಲ. ಲಾಡ್ಜ್ ನಡೆಸುವ ದಿದಿಯ (ಅಕ್ಕನ) ಹೊಲದಲ್ಲಿ ಆಲೂಗಡ್ಡೆ ಅಗೆದಿದ್ದಾನೆ, ಯಾಕ್‌ಗಳನ್ನು ದೊಡ್ಡಿಗೆ ಹೊಡೆಯಲು ಹೋಗಿ ಒದೆಸಿಕೊಂಡಿದ್ದಾನೆ, ಮಠದ ಮುದುಕನೊಬ್ಬನಿಂದ ಉಪ್ಪುಚಹಾ ಮಾಡುವುದನ್ನು ಕಲಿತಿದ್ದಾನೆ. ನಮ್ಮ ಹತ್ತಿರ ಹೇಳಲು ಒಂದು ಗೋಡೆಯ ಕಥೆ ಇತ್ತು. ಅವನ ಹತ್ತಿರ ಇಡೀ ಊರಿನದಿತ್ತು. ಯಾರ ಮನೆಯ ಮಗ ಕತಾರಿಗೆ ಹೋಗಿದ್ದಾನೆ, ಯಾರ ಮನೆಯ ಕಾರ್ಪೆಟ್ ಮಗ್ಗ ನಿಂತಿದೆ, ಚಳಿಗಾಲಕ್ಕೆ ಯಾರು ಯಾರು ಕೆಳಗೆ ಇಳಿಯುತ್ತಾರೆ, ಎಲ್ಲ ಗೊತ್ತು. ಪಾಂಗ್‌ಪೆಮಾ ಹೇಗಿತ್ತು ಎಂದು ಕೇಳಿದ, ನಾವು ಹೇಳಿದೆವು, ಪೂರ್ತಿ ಕೇಳಿಸಿಕೊಳ್ಳುವ ಮುಂಚೆ ಥಾಲೀಪಿಟ್ಟು ಸೀಯುತ್ತದೆ ಎಂದು ಎದ್ದುಹೋದ.

ಅವನ ಚೀಲದಲ್ಲಿ ಅವರಮ್ಮ ಕಟ್ಟಿಕೊಟ್ಟ ಗೋಡಾ ಮಸಾಲೆಯ ಪೊಟ್ಟಣವಿತ್ತು. ಅದನ್ನು ದಿದಿಯ ಆಲೂಗಡ್ಡೆ ಪಲ್ಯಕ್ಕೆ ಹಾಕಿ, ಅವಳಿಗೆ ಅದರ ಹುಚ್ಚು ಹಿಡಿಸಿಬಿಟ್ಟಿದ್ದ. ಮುಂದಿನ ಸಲ ಯಾರಾದರೂ ಬಂದರೆ ಒಂದು ಕಿಲೋ ತರಬೇಕು, ದುಡ್ಡು ಕೊಡುತ್ತೇನೆ ಎಂದು ದಿದಿ ಹಟ ಹಿಡಿದಳು. ಏನೇನು ಹಾಕಿದ್ದೀರಿ ಎಂದು ಪೊಟ್ಟಣ ಮೂಸಿ ಮೂಸಿ ನೋಡಿ, ಕೊನೆಗೆ ಕಣ್ಣರಳಿಸಿ, “ಅಲೈಂಚಿ!” ಅಂದಳು. ಅವಳ ತವರು ತಾಪ್ಲೇಜುಂಗಿನ ಕೆಳಗೆ. ಅಣ್ಣನಿಗೆ ಏಲಕ್ಕಿಯ ಭಟ್ಟಿ ಇದೆಯಂತೆ. ಅವನು ಅದನ್ನು ವ್ಯಾಪಾರಿಗೆ ಕೊಡುತ್ತಾನೆ, ವ್ಯಾಪಾರಿ ಗಡಿ ದಾಟಿಸಿ ಸಿಲಿಗುಡಿಗೆ ಕಳಿಸುತ್ತಾನೆ. ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂದು ಅಣ್ಣನಿಗೂ ಗೊತ್ತಿಲ್ಲ. ಕಾಕಾ ಕೂಡಲೇ ಕಾಗದ ಪೆನ್ನು ತೆಗೆದು, ತಾಪ್ಲೇಜುಂಗಿನಲ್ಲಿ ಕಿಲೋಗೆ ಎಷ್ಟು, ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಎಷ್ಟು ಎಂದು ಲೆಕ್ಕ ಹಾಕಲು ಕೂತರು. ನಡುವೆ ತಿನ್ನುವವರು ಯಾರು ಎಂಬುದರ ಮೇಲೆ ಹಿಂದಿ, ನೇಪಾಳಿ, ಕನ್ನಡ ಕಲಸಿದ ವಾದ ರಾತ್ರಿ ಊಟದ ತನಕ ನಡೆಯಿತು. ದಿದಿಯ ಅಣ್ಣನ ಫೋನ್ ನಂಬರನ್ನು ಕಾಕಾ ಬರೆದುಕೊಂಡಿದ್ದಾರೆ. ಮಸಾಲೆ ಕುಟ್ಟುವ ಕೆಲಸ ನನ್ನ ತಲೆಗೆ ಬಂದಿದೆ.